ಅಟ್ಟ ಸೇರಿದ ಸ್ಟಾರ್, ಊಟ ಬಿಟ್ಟ ಅತ್ತೆ

ಓದುಗರ ಪ್ರಶ್ನೆಗೆ ಅಕ್ಕಾವರ ಉತ್ತರ

ಪ್ರಶ್ನೆ: ಅಕ್ಕಾವರಿಗೆ ವಂದನೆಗಳು. ನಮ್ಮದು ಗುಳೇದಗುಡ್ಡ. ಮನೆಯಲ್ಲಿ ಅತ್ತೆ, ನಾವಿಬ್ಬರು, ಎರಡು ಮಕ್ಕಳು. ನಮ್ಮ ಮನೆಯವರು ಹೋದ ವರ್ಷದಿಂದ ಒಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದಾರೆ. ಅಲ್ಲಿಯ ಬ್ರದರ್ ಒಬ್ಬರು ಕ್ರಿಸ್ಮಸ್ಸೇ ಪೇಗನ್ ಹಬ್ಬ, ಅಂದರೆ ಅನ್ಯದೇವರುಗಳ ಹಬ್ಬ ಎಂದು ಬೋಧಿಸುತ್ತಾರೆ. ಡಿಸೆಂಬರ್ 25 ರೋಮಿನ ಸೂರ್ಯದೇವರ ಹುಟ್ಟುಹಬ್ಬವಂತೆ. ಟ್ರೀ ಇಡುವುದು ನಿಮ್ರೋದನ ಪೂಜೆಯಂತೆ. ಬೈಬಲ್ಲಿನ ಯೆರೆಮೀಯನ ಪುಸ್ತಕದಲ್ಲೇ ಅದು ಬೇಡ ಎಂದಿದೆಯಂತೆ. ವಾಟ್ಸಾಪಿನಲ್ಲಿ ದಿನಾ ಒಂದು ವಿಡಿಯೋ ಬರುತ್ತದೆ. ಮೊನ್ನೆ ಅತ್ತೆ ಬಾಗಿಲಿಗೆ ಕಟ್ಟಿಸಿದ್ದ ಸ್ಟಾರನ್ನು ಇವರು ಬಿಚ್ಚಿ ಅಟ್ಟದ ಮೇಲೆ ಒಗೆದರು. ಮಕ್ಕಳು ಅತ್ತರು. ಅತ್ತೆ ಅವತ್ತು ಊಟ ಮಾಡಲಿಲ್ಲ. ದೀಪಾವಳಿಗೆ ಪಕ್ಕದ ಮನೆಯವರು ಕೊಟ್ಟ ಕರ್ಚಿಕಾಯಿ ಡಬ್ಬಿಯನ್ನೂ ವಾಪಸ್ ಕಳಿಸಿದ್ದರು. ಇವರು ಹೇಳುವುದರಲ್ಲಿ ನಿಜ ಎಷ್ಟು? ನಾನು ಯಾರ ಪರ ನಿಲ್ಲಲಿ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ತಂಗೀ, ಮೊದಲು ಅತ್ತೆಯ ಸಿಟ್ಟು ಇಳಿಸಿ. ಉಳಿದದ್ದು ಆಮೇಲೆ.

ನಾನೂ ಗುಳೇದಗುಡ್ಡದಲ್ಲೇ ಬೆಳೆದವಳು. ನಮ್ಮಪ್ಪ ಕುಣಿಮಗ್ಗದಲ್ಲಿ ಕೂತು ಖಣ ನೇಯುತ್ತಿದ್ದ. ಡಿಸೆಂಬರ್ ಬಂತೆಂದರೆ ಬಿದಿರು ಸೀಳಿ, ಗಾಳಿಪಟದ ಹಾಳೆ ಅಂಟಿಸಿ, ಒಳಗೆ ಚಿಮಣಿ ಇಟ್ಟು ಸ್ಟಾರ್ ಕಟ್ಟುತ್ತಿದ್ದ. ಒಂದೆರಡು ಸಲ ಹಾಳೆಗೆ ಬೆಂಕಿ ಹತ್ತಿದ್ದೂ ಉಂಟು. ಹೀಗಾಗಿ ನಾನು ಪೂರ್ತಿ ನಿಷ್ಪಕ್ಷಪಾತಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಇತಿಹಾಸ ಕಲಿಸಿ ನಿವೃತ್ತಳಾದವಳು. ಯಾರಾದರೂ 'ಇದರ ಮೂಲ ಇದು' ಎಂದರೆ ಆಧಾರ ಎಲ್ಲಿ ಎಂದು ಕೇಳುವ ಚಟ ಇನ್ನೂ ಹೋಗಿಲ್ಲ.

ನಿಮ್ಮ ಮನೆಯವರ ಮಾತಿನಲ್ಲಿ ನಿಜವೂ ಇದೆ. ಯೇಸು ಯಾವ ತಾರೀಖಿಗೆ ಹುಟ್ಟಿದ ಎಂದು ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಎಲ್ಲೂ ಇಲ್ಲ. ಹುಟ್ಟಿದ ದಿನ ಆಚರಿಸಿ ಎಂದು ಅಪೊಸ್ತಲರು ಯಾರೂ ಹೇಳಿಲ್ಲ. ಕ್ರಿಸ್ಮಸ್ ಬೇಡ ಎಂದವರು ಇವರೇ ಮೊದಲಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ಸನ್ನೇ ರದ್ದು ಮಾಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರ ತನಕ ಆ ದಿನ ಕೆಲಸ ಬಿಟ್ಟು ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ. ಸ್ಕಾಟ್‌ಲೆಂಡಿನಲ್ಲಿ ಕ್ರಿಸ್ಮಸ್‌ಗೆ ಸಾರ್ವಜನಿಕ ರಜೆ ಸಿಕ್ಕಿದ್ದೇ 1958ರಲ್ಲಿ. ಇವರೆಲ್ಲ ನಾಸ್ತಿಕರಲ್ಲ. ಸತ್ಯವೇದವನ್ನು ಅಕ್ಷರ ಅಕ್ಷರ ಓದುತ್ತಿದ್ದವರು. ಹಾಗಾಗಿ ಹಬ್ಬ ಬೇಡ ಅನ್ನುವವರನ್ನು ಹುಚ್ಚರು ಎನ್ನಬೇಡಿ. ಅತ್ತೆಗೂ ಅದನ್ನೇ ಹೇಳಿ.

ಇನ್ನು ಸೂರ್ಯದೇವರ ವಿಷಯ. ರೋಮಿನ ಚಕ್ರವರ್ತಿ ಆರೇಲಿಯನ್ ಕ್ರಿ.ಶ. 274ರಲ್ಲಿ 'ಸೋಲದ ಸೂರ್ಯ'ನಿಗೆ ದೊಡ್ಡ ಗುಡಿ ಕಟ್ಟಿಸಿದ. ಅದು ನಿಜ. 354ರ ಒಂದು ರೋಮನ್ ಪಂಚಾಂಗದಲ್ಲಿ ಡಿಸೆಂಬರ್ 25ರ ಎದುರು 'ಸೋಲದವನ ಹುಟ್ಟು' ಎಂದಿದೆ, ಆ ದಿನ 30 ರಥದ ಓಟಗಳು ಎಂದೂ ಇದೆ. ವಿಡಿಯೋದವರು ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ಹೊತ್ತಿಗೆಯ ಇನ್ನೊಂದು ಪಟ್ಟಿಯಲ್ಲಿ ಅದೇ ತಾರೀಖಿಗೆ 'ಯೂದಾಯದ ಬೇತ್ಲೆಹೇಮಿನಲ್ಲಿ ಕ್ರಿಸ್ತನ ಜನನ' ಎಂದೂ ಬರೆದಿದೆ. ಎರಡೂ ಒಂದೇ ಹೊತ್ತಿಗೆಯೊಳಗೆ! ಯಾರು ಯಾರನ್ನು ನೋಡಿ ಬರೆದರು ಎನ್ನುವುದು ಅದರಿಂದ ತಿಳಿಯುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಅದರ ಬೇರು ಆರೇಲಿಯನ್‌ಗಿಂತ ಹಳೆಯದು. ಸುಮಾರು 200ರ ಹೊತ್ತಿಗೆ ಆಫ್ರಿಕದ ಕ್ರೈಸ್ತ ಲೇಖಕ ತೆರ್ತುಲಿಯನ್ ಯೇಸು ಶಿಲುಬೆಗೇರಿದ್ದು ಮಾರ್ಚ್ 25 ಎಂದು ಬರೆದ. ಯೇಸು ಗರ್ಭದಲ್ಲಿ ಮೂಡಿದ ದಿನವೂ, ಸತ್ತ ದಿನವೂ ಒಂದೇ ಎಂಬ ನಂಬಿಕೆ ಮುಂದೆ ಬೆಳೆಯಿತು. ಸಂತ ಅಗಸ್ಟೀನ್ ಅದನ್ನು ಬಿಡಿಸಿಯೇ ಬರೆದಿದ್ದಾನೆ. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿ. ಡಿಸೆಂಬರ್ 25 ಬಂತಲ್ಲ? ಈ ಲೆಕ್ಕವೇ ಸರಿ ಎಂದು ನಾನು ಆಣೆ ಮಾಡುವುದಿಲ್ಲ. ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಮುಗಿಯದ ಜಗಳವನ್ನು ಮುಗಿದಿದೆ ಎಂದು ತೋರಿಸುವ ವಿಡಿಯೋ ನಂಬಬೇಡಿ, ಅಷ್ಟೇ.

ನಿಮ್ರೋದನ ಕಥೆ ಮಾತ್ರ ಸುಳ್ಳು. ಇಲ್ಲಿ ನಾನು ಹಿಂದೆಮುಂದೆ ನೋಡುವುದಿಲ್ಲ. ಸತ್ಯವೇದದಲ್ಲಿ ನಿಮ್ರೋದ ಒಬ್ಬ ಬಲಶಾಲಿ ಬೇಟೆಗಾರ, ಅರಸ. ಮರದ ಮಾತಿಲ್ಲ, ಡಿಸೆಂಬರ್ ಮಾತಿಲ್ಲ. ಇಂಥ ಕಥೆ ಹೇಳುವವರ ಪ್ರಕಾರ ಅವನ ಹೆಂಡತಿ ಸೆಮಿರಾಮಿಸ್ ಅಂತೆ, ಅವಳ ಮಗ ದೇವರಾದನಂತೆ. ಇದೆಲ್ಲ ಬಹುಪಾಲು ಒಬ್ಬನೇ ಮನುಷ್ಯನಿಂದ ಹೊರಟಿದ್ದು. ಸ್ಕಾಟ್‌ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಹಿಸ್ಲಪ್ 1853ರಲ್ಲಿ ಒಂದು ಕಿರುಹೊತ್ತಿಗೆ ಬರೆದ. 1858ರಲ್ಲಿ ಅದನ್ನು ಹಿಗ್ಗಿಸಿ 'ದಿ ಟೂ ಬ್ಯಾಬಿಲನ್ಸ್' ಎಂದು ಪುಸ್ತಕ ಮಾಡಿದ. ಅವನಿಗೆ ಬೇಕಾಗಿದ್ದದ್ದು ಕ್ಯಾಥೊಲಿಕರನ್ನು ಬಯ್ಯುವುದು. ಎರಡು ಹೆಸರಿನ ಸದ್ದು ಹೋಲಿದರೆ ಸಾಕು, ಎರಡೂ ಒಂದೇ ದೇವರು ಎಂದುಬಿಡುತ್ತಿದ್ದ. ಸೆಮಿರಾಮಿಸ್ ಹೆಸರಿನ ಹಿಂದೆ ಇರುವ ಅಸ್ಸೀರಿಯದ ರಾಣಿ ಶಮ್ಮುರಾಮತ್ ಇದ್ದದ್ದು ಕ್ರಿ.ಪೂ. 800ರ ಸುಮಾರಿಗೆ. ಅವಳಿಗೂ ಆದಿಕಾಂಡದ ನಿಮ್ರೋದನಿಗೂ ಏನು ಸಂಬಂಧ?

ಮಜಾ ಕೇಳಿ. ಅಮೆರಿಕದ ರಾಲ್ಫ್ ವುಡ್ರೋ ಎಂಬ ಬೋಧಕ 1966ರಲ್ಲಿ ಹಿಸ್ಲಪ್ಪನನ್ನು ನಂಬಿ ಅಂಥದೇ ಪುಸ್ತಕ ಬರೆದ. ಅದು ಚೆನ್ನಾಗಿ ಓಡಿತು. ಆಮೇಲೆ ಯಾರೋ ಪ್ರಶ್ನೆ ಎತ್ತಿದರು. ಅವನು ಹಿಸ್ಲಪ್ ಕೊಟ್ಟ ಆಧಾರಗಳನ್ನು ಒಂದೊಂದಾಗಿ ಹುಡುಕಿದ. ಅವು ನಿಲ್ಲಲಿಲ್ಲ. ಓಡುತ್ತಿದ್ದ ತನ್ನ ಪುಸ್ತಕವನ್ನು ತಾನೇ ಮಾರಾಟದಿಂದ ತೆಗೆದು, 1997ರಲ್ಲಿ ಅದನ್ನು ತಪ್ಪೆಂದು ತೋರಿಸುವ ಇನ್ನೊಂದು ಪುಸ್ತಕ ಬರೆದ. ನಿಮ್ಮ ಬ್ರದರ್‌ಗೆ ಈ ವುಡ್ರೋ ಕಥೆ ಹೇಳಲು ಮನೆಯವರಿಗೆ ಹೇಳಿ. ಜಗಳಕ್ಕಲ್ಲ, ಸುಮ್ನೆ ಕೇಳಿ ನೋಡಲಿ.

ಯೆರೆಮೀಯನ ಹತ್ತನೇ ಅಧ್ಯಾಯವನ್ನು ರಾತ್ರಿ ಊಟ ಆದಮೇಲೆ ಇಬ್ಬರೂ ಕೂತು ಓದಿ. ಮೂರು, ನಾಲ್ಕನೇ ವಚನಕ್ಕೆ ನಿಲ್ಲಬೇಡಿ, ಐದನೆಯದನ್ನೂ ಓದಿ. ಕಾಡಿನಿಂದ ಮರ ಕಡಿದು ತರುತ್ತಾರೆ, ಬಡಿಗ ಅದನ್ನು ಕೆತ್ತುತ್ತಾನೆ, ಬೆಳ್ಳಿ ಬಂಗಾರ ಹಚ್ಚುತ್ತಾರೆ, ಬೀಳದಂತೆ ಮೊಳೆ ಹೊಡೆಯುತ್ತಾರೆ. ಆಮೇಲೆ? ಅದು ಸೌತೆ ಹೊಲದ ಬೆದರುಬೊಂಬೆ ಇದ್ದಂಗೆ, ಮಾತಾಡುವುದಿಲ್ಲ, ನಡೆಯುವುದಿಲ್ಲ, ಅದಕ್ಕೆ ಅಂಜಬೇಡಿ ಎನ್ನುತ್ತಾನೆ. ಕೆತ್ತಿದ ವಿಗ್ರಹದ ಮಾತು ಅದು. ನಿಮ್ಮ ಮನೆಯಲ್ಲಿ ಯಾರಾದರೂ ಟ್ರೀಗೆ ಅಂಜುತ್ತಾರೇನು? ಅದಕ್ಕೆ ಅಡ್ಡಬಿದ್ದು ಮಳೆ ಬರಲಿ ಎಂದು ಕೇಳುತ್ತಾರೇನು? ಹತ್ತಿ ಉದುರಿಸಿ ಹಿಮ ಎನ್ನುತ್ತೇವೆ, ಅಷ್ಟೇ. ಬಾಗಲಕೋಟೆ ಜಿಲ್ಲೆಯಲ್ಲಿ ಹಿಮ! ನಗಬೇಕಾದರೆ ಅದಕ್ಕೆ ನಗಿ. ಯೆರೆಮೀಯನಿಗೂ ಕ್ರಿಸ್ಮಸ್ ಟ್ರೀಗೂ ನಡುವೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಅಂತರ. ಸ್ಟ್ರಾಸ್‌ಬೂರ್ಗ್ ಊರಿನ ಮನೆಗಳಲ್ಲಿ ಮರ ನಿಲ್ಲಿಸಿ ಕಾಗದದ ಗುಲಾಬಿ, ಸೇಬು, ಸಕ್ಕರೆ ತಿಂಡಿ ಕಟ್ಟುತ್ತಿದ್ದರು ಎಂದು 1605ರ ಬರಹ ಒಂದರಲ್ಲಿದೆ. ಅವರು ಕ್ರೈಸ್ತರೇ.

ಅತ್ತೆಯ ಸ್ಟಾರ್ ಬಗ್ಗೆಯೂ ಹೇಳಿಬಿಡುತ್ತೇನೆ. ಕಾಗದದ ಸ್ಟಾರುಗಳಲ್ಲಿ ಹೆಸರಾದದ್ದು ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಸಭೆಯವರದು. ಜರ್ಮನಿಯ ನೀಸ್ಕಿ ಎಂಬಲ್ಲಿನ ಅವರ ಶಾಲೆಯಲ್ಲಿ 1830ರ ದಶಕದಲ್ಲಿ ಅದು ಶುರುವಾಯಿತು. ಯಾತಕ್ಕೆ ಗೊತ್ತೇ? ಹುಡುಗರಿಗೆ ರೇಖಾಗಣಿತ ಕಲಿಸಲು! ನಮ್ಮ ಐದು ಮೂಲೆಯ ಸ್ಟಾರ್ ಅದರ ಮಗಳೋ ಮೊಮ್ಮಗಳೋ ಎಂದು ನಾನು ವಂಶಾವಳಿ ಬರೆಯಲು ಹೋಗುವುದಿಲ್ಲ. ಆದರೆ ಮತ್ತಾಯನ ಸುವಾರ್ತೆಯಲ್ಲಿ ನಕ್ಷತ್ರ ಇದೆ. ಅದನ್ನು ನೆನೆದು ಬಾಗಿಲಿಗೆ ಬೆಳಕು ಕಟ್ಟಿದರೆ ಅದು ಯಾವ ದೇವತೆಯ ಪೂಜೆ?

ಹಾಗಂದ ಮಾತ್ರಕ್ಕೆ ಯಾವ ಪದ್ಧತಿಯೂ ಹೊರಗಿನದಲ್ಲ ಎಂದು ನಾನು ವಾದಿಸುತ್ತಿಲ್ಲ. ಹೊರಗಿಂದ ಬಂದದ್ದು ಬೇಕಾದಷ್ಟಿದೆ. ಬೇಕೆಂದೇ ತಂದದ್ದೂ ಇದೆ. 601ರಲ್ಲಿ ಪೋಪ್ ಗ್ರೆಗೊರಿ ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಎಂಬ ಪಾದ್ರಿಗೆ ಕಾಗದ ಬರೆದ. ಅಲ್ಲಿಯ ಜನರ ಗುಡಿಗಳನ್ನು ಕೆಡವಬೇಡಿ, ಒಳಗಿನ ವಿಗ್ರಹ ಮಾತ್ರ ತೆಗೆಯಿರಿ. ಎತ್ತು ಕಡಿದು ಹಬ್ಬ ಮಾಡುವುದು ಅವರಿಗೆ ರೂಢಿ. ಊಟ ಮಾಡಲಿ, ಆದರೆ ದೇವರಿಗೆ ಸ್ತೋತ್ರ ಹೇಳಿ ಮಾಡಲಿ. ಕಾಗದದ ಸಾರ ಇಷ್ಟು. ಗ್ರೆಗೊರಿ ಮಾಡಿದ್ದು ಜಾಣತನ ಎಂದು ಕೆಲವರು, ಕಲಬೆರಕೆ ಎಂದು ಕೆಲವರು. ನಮ್ಮೂರ ಖಣ ನೋಡಿ. ರೇಷ್ಮೆ ಬೇರೆ ಊರಿಂದ ಬರುತ್ತದೆ, ಬಣ್ಣ ಇನ್ನೊಂದು ಊರಿಂದ. ಮಗ್ಗದಲ್ಲಿ ಕೂತವನು ಗುಳೇದಗುಡ್ಡದವನು, ಹೀಗಾಗಿ ಅದು ಗುಳೇದಗುಡ್ಡದ ಖಣ. ಹಬ್ಬವನ್ನೂ ನಾನು ಹಾಗೇ ನೋಡುತ್ತೇನೆ.

ಇದಕ್ಕೆ ಅಪೊಸ್ತಲ ಪೌಲನ ಬೆಂಬಲವೂ ಇದೆ. ಕೊರಿಂಥದ ಸಂತೆಯಲ್ಲಿ ಮಾರುವ ಮಾಂಸ ಗುಡಿಯಲ್ಲಿ ಎಡೆ ಇಟ್ಟದ್ದೋ ಏನೋ, ಕೇಳುತ್ತ ಕೂರಬೇಡಿ, ತಂದು ತಿನ್ನಿರಿ ಎಂದ. ಆದರೆ ಊಟಕ್ಕೆ ಕೂತಾಗ ಪಕ್ಕದವನು 'ಇದು ವಿಗ್ರಹಕ್ಕೆ ಅರ್ಪಿಸಿದ್ದು' ಎಂದು ಹೇಳಿದರೆ ಅವನ ಮನಸ್ಸಾಕ್ಷಿಗಾಗಿ ಬಿಡಿ ಎಂದ. ಮಾಂಸ ಅದೇ. ಬದಲಾದದ್ದು, ಎದುರಿಗಿರುವ ಮನುಷ್ಯನಿಗೆ ಆ ತುತ್ತು ಏನು ಹೇಳುತ್ತದೆ ಎಂಬುದು. ಅದೇ ಪೌಲ ಮಾಲ್ಟಾದಿಂದ ರೋಮಿನ ಕಡೆಗೆ ಹೋದ ಹಡಗಿನ ಮುಂದೆ ಗ್ರೀಕರ ಅವಳಿ ದೇವರ ಗುರುತು ಇತ್ತು ಎಂದು ಅಪೊಸ್ತಲರ ಕೃತ್ಯಗಳ ಕೊನೇ ಅಧ್ಯಾಯದಲ್ಲಿದೆ. ಲೂಕ ಅದನ್ನು ಬರೆದಿಟ್ಟ. ಪೌಲ ಮಾತ್ರ ಹಡಗು ಇಳಿಯಲಿಲ್ಲ.

ಒಡೆಯಬೇಕಾದ ಹೊತ್ತೂ ಬರುತ್ತದೆ. ಮೋಶೆ ಮಾಡಿದ ತಾಮ್ರದ ಸರ್ಪದ ಮೂಲದಲ್ಲಿ ಯಾವ ದೋಷವೂ ಇರಲಿಲ್ಲ, ದೇವರೇ ಮಾಡಿಸಿದ್ದು. ಮುಂದೆ ಜನ ಅದಕ್ಕೆ ಧೂಪ ಹಾಕಲು ಶುರು ಮಾಡಿದರು. ಹಿಜ್ಕೀಯ ಅರಸ ಅದನ್ನು ಚೂರು ಚೂರು ಮಾಡಿದ. ಒಳ್ಳೆಯ ಮೂಲ ಅದನ್ನು ಉಳಿಸಲಿಲ್ಲ. ಹಾಗಾದರೆ ಕೆಟ್ಟ ಮೂಲ ಮಾತ್ರ ಒಂದು ವಸ್ತುವನ್ನು ಶಾಶ್ವತವಾಗಿ ಕೆಡಿಸುತ್ತದೆ ಅನ್ನುವುದು ಯಾವ ನ್ಯಾಯ? ಈಗ ಅದರಿಂದ ಏನು ಮಾಡುತ್ತಿದ್ದೇವೆ ಎಂದು ನೋಡಬೇಕು.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಮೂಲ ಕೆದಕುವ ಇಷ್ಟು ಹುರುಪು ಇರುವವರು ಮಗನಿಗೆ ಹೆಣ್ಣು ನೋಡುವಾಗ ಏನು ಕೇಳುತ್ತಾರೆ? 'ಅವರು ಮೊದಲು ಯಾವ ಜಾತಿಯವರು?' ಮೂರು ತಲೆಮಾರು ಚರ್ಚಿಗೆ ಹೋದಮೇಲೂ ಈ ಪ್ರಶ್ನೆ ತಪ್ಪಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನ ಪಾದ್ರಿಗಳು 1851ರಲ್ಲಿ ಗುಳೇದಗುಡ್ಡಕ್ಕೆ ಬಂದಾಗ ಸಭೆಯೊಳಗೆ ಜಾತಿ ಇಟ್ಟುಕೊಳ್ಳಬಾರದು ಎಂಬ ಹಟದಿಂದಲೇ ಬಂದವರು. ಆ ಹಟ ಎಲ್ಲಿ ಹೋಯಿತು? ವರದಕ್ಷಿಣೆ ಯಾವ ಸುವಾರ್ತೆಯಲ್ಲಿದೆ? ಇವೆರಡರ ಮೂಲದ ಬಗ್ಗೆ ಒಂದು ವಿಡಿಯೋ ಬಂದರೆ ನನಗೂ ಕಳಿಸಿ. ಕಾಗದದ ಸ್ಟಾರನ್ನು ಅಟ್ಟಕ್ಕೆ ಒಗೆಯುವುದು ಸುಲಭ, ಖರ್ಚಿಲ್ಲ.

ಮನೆಯ ವಿಷಯಕ್ಕೆ ಬರೋಣ. ಯಾರ ಪರ ನಿಲ್ಲಲಿ ಎಂದು ಕೇಳಿದ್ದೀರಿ. ರೋಮಾಪುರದವರಿಗೆ ಬರೆದ ಪತ್ರದ ಹದಿನಾಲ್ಕನೇ ಅಧ್ಯಾಯ ತೆಗೆಯಿರಿ. ಒಬ್ಬ ಒಂದು ದಿನವನ್ನು ದೊಡ್ಡದೆಂದು ಎಣಿಸುತ್ತಾನೆ, ಇನ್ನೊಬ್ಬ ಎಲ್ಲ ದಿನವೂ ಒಂದೇ ಎನ್ನುತ್ತಾನೆ, ಇಬ್ಬರೂ ಕರ್ತನಿಗಾಗಿಯೇ ಮಾಡುತ್ತಾರೆ, ಒಬ್ಬರು ಇನ್ನೊಬ್ಬರನ್ನು ತೀರ್ಪು ಮಾಡಬೇಡಿ ಎನ್ನುತ್ತಾನೆ ಪೌಲ. ಇದನ್ನು ಗಂಡನಿಗೆ ಹೀಗೆ ಹೇಳಿ: 'ನಿಮ್ಮ ಮನಸ್ಸಿಗೆ ಬೇಡ ಅನಿಸಿದರೆ ನೀವು ಕಟ್ಟಬೇಡ್ರಿ. ಏಣಿ ಹಿಡಿ ಅಂತ ನಾನೂ ಒತ್ತಾಯ ಮಾಡಂಗಿಲ್ಲ. ಆದರೆ ಅವ್ವ ಕಟ್ಟಿದ್ದನ್ನು ಬಿಚ್ಚುವ ಹಕ್ಕು ನಿಮಗೂ ಇಲ್ಲ.' ಸ್ಟಾರನ್ನು ಅಟ್ಟದಿಂದ ಇಳಿಸಿ ಅತ್ತೆಯ ಕೋಣೆಯ ಕಿಟಕಿಗೆ ಕಟ್ಟಿ. ಅದು ಅವರ ಕಿಟಕಿ. ಟ್ರೀ ವಿಷಯದಲ್ಲಿ ನೀವು ಸ್ವಲ್ಪ ಸಡಿಲ ಬಿಡಿ. ಅದು ಇಲ್ಲದೆ ನಮ್ಮ ಅಜ್ಜ ಅಜ್ಜಿ ಚೆನ್ನಾಗಿಯೇ ಕ್ರಿಸ್ಮಸ್ ಮಾಡಿದ್ದಾರೆ. ಮಕ್ಕಳ ಮುಂದೆ ವಾದ ಬೇಡ.

ಕರ್ಚಿಕಾಯಿ ಡಬ್ಬಿಯ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವವಳಲ್ಲ. ಅವರು ಕೊಟ್ಟದ್ದು ನೆರೆಮನೆಯವರು ಎಂಬ ಪ್ರೀತಿಗೆ. 'ಇದನ್ನು ತಿಂದರೆ ನಮ್ಮ ದೇವರನ್ನು ಒಪ್ಪಿದಂತೆ' ಎಂದು ಯಾರಾದರೂ ಹೇಳಿದರೇ? ಇಲ್ಲ. ಡಬ್ಬಿ ವಾಪಸ್ ಹೋದಾಗ ಆ ತಾಯಿಗೆ ಅರ್ಥವಾದದ್ದು ದೇವರ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ಈ ಕ್ರಿಸ್ಮಸ್‌ಗೆ ಚಕ್ಕುಲಿ, ಶಂಕರಪಾಳಿ ಮಾಡಿ ಡಬ್ಬಿ ತುಂಬಿಸಿ ನೀವೇ ಹೋಗಿ ಕೊಟ್ಟು ಬನ್ನಿ. ಗಂಡನನ್ನು ಜೊತೆಗೆ ಕರೆದೊಯ್ದರೆ ಇನ್ನೂ ಚೆಲೋ.

ಪ್ರಶ್ನೆ: ಸಿಂದಗಿ ತಾಲೂಕಿನ ಹಳ್ಳಿಯವನು. ನಮ್ಮ ಹೊಲದ ಪಕ್ಕದವರು ಎಳ್ಳಮಾವಾಸ್ಯೆಗೆ ಚರಗಕ್ಕೆ ಕರೆಯುತ್ತಾರೆ. ಅಪ್ಪನ ಕಾಲದಿಂದ ಹೋಗುತ್ತಿದ್ದೇವೆ. ಈಗ ನಾನು ಸಭೆಯ ಹಿರಿಯನಾಗಿದ್ದೇನೆ. ಹೋಗಬಹುದೇ? ನಮ್ಮ ಹೊಲದಲ್ಲೂ ಚರಗ ಚೆಲ್ಲಬಹುದೇ?

ಉತ್ತರ: ಅಣ್ಣಾವರೇ, ಇವು ಎರಡು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ ಬೇಡ ಅನ್ನುತ್ತೇನೆ, ಆದರೆ ಅಲ್ಲಿಗೇ ಬಿಡುವುದಿಲ್ಲ.

ಎಳ್ಳಮಾವಾಸ್ಯೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಬೆಂಗಳೂರು ಕಡೆಯ ಓದುಗರಿಗಾಗಿ ಎರಡು ಮಾತು. ಡಿಸೆಂಬರ್ ನಡುವಿಂದ ಜನವರಿ ನಡುವಿನೊಳಗೆ ಬರುತ್ತದೆ, ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುವ ಹೊತ್ತು. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಈಗ ಟ್ರ್ಯಾಕ್ಟರ್ ಜಾಸ್ತಿ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರು ಎಂದು ಪೂಜೆ ಮಾಡುತ್ತಾರೆ. ತಂದ ಅಡಿಗೆಯನ್ನು ಹೊಲದ ಸುತ್ತ ಚೆಲ್ಲುತ್ತಾರೆ, ಅದೇ ಚರಗ. ಭೂಮಿತಾಯಿಗೆ ಉಣಿಸುವ ಹಬ್ಬ. ಆಮೇಲೆ ಎಲ್ಲರೂ ಕೂತು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಬಡಿಯುತ್ತಾರೆ. ಬರೆಯುವಾಗಲೇ ಬಾಯಲ್ಲಿ ನೀರು ಬಂತು.

ಪಕ್ಕದವರು ಕರೆದರೆ ಹೋಗಿ. ಪೂಜೆ ಆಗುವಾಗ ದೂರ ನಿಲ್ಲಿ. ಅವರಿಗೂ ಅದು ಗೊತ್ತಿದೆ, ನಿಮ್ಮಪ್ಪನ ಕಾಲದಿಂದ ನೋಡಿದ್ದಾರಲ್ಲ. ಕರೆದವರ ಮನೆಗೆ ಹೋಗಿ ಮುಂದಿಟ್ಟದ್ದನ್ನು ಊಟ ಮಾಡಿ ಎಂದು ಪೌಲನೇ ಬರೆದಿದ್ದಾನೆ. ನಮ್ಮ ಕಡೆ ಊರವರು ಒಬ್ಬರ ಹಬ್ಬಕ್ಕೆ ಒಬ್ಬರು ಹೋಗುವುದು ಹೊಸದೇನೂ ಅಲ್ಲ. ಮೊಹರಮ್ಮಿನಲ್ಲಿ ಹಿಂದೂಗಳೇ ಪಂಜಾ ಹಿಡಿಯುವ ಎಷ್ಟು ಹಳ್ಳಿಗಳಿಲ್ಲ ವಿಜಯಪುರ ಜಿಲ್ಲೆಯಲ್ಲಿ?

ನಿಮ್ಮ ಹೊಲದಲ್ಲಿ ನೀವೇ ಚರಗ ಚೆಲ್ಲಿದರೆ ಮಾತು ಬೇರೆ. ಅಲ್ಲಿ ನೀವು ಅತಿಥಿ ಅಲ್ಲ, ಯಜಮಾನ. ಚರಗ ಚೆಲ್ಲುವುದೇ ಭೂಮಿಯನ್ನು ತಾಯಿ ಎಂದು ಪೂಜಿಸುವ ಕೆಲಸ. ಅದನ್ನು ನಂಬಿ ಮಾಡುವವರಿಗೆ ಅದು ದೊಡ್ಡದು. ನಂಬದೆ ನೀವು ಮಾಡಿದರೆ ಅವರ ಹಬ್ಬಕ್ಕೂ ಅಗೌರವ, ನಿಮ್ಮ ನಂಬಿಕೆಗೂ ಅಗೌರವ. ಮೇಲಿಂದ ಸಭೆಯಲ್ಲಿ ಮೊನ್ನೆ ಮೊನ್ನೆ ದೀಕ್ಷಾಸ್ನಾನ ಆದವರು ಹಿರಿಯರನ್ನು ನೋಡಿ ಗಲಿಬಿಲಿಯಾಗುತ್ತಾರೆ. ನನ್ನ ಊಟ ನನ್ನ ಸಹೋದರನಿಗೆ ಅಡ್ಡಿಯಾದರೆ ನಾನು ಮಾಂಸವನ್ನೇ ತಿನ್ನುವುದಿಲ್ಲ ಎಂದ ಪೌಲನ ಮಾತು ಇಂಥ ಕಡೆ ಬರುತ್ತದೆ.

ಅಲ್ಲಿಗೇ ಬಿಡುವುದಿಲ್ಲ ಎಂದೆನಲ್ಲ, ಅದು ಇದಕ್ಕೆ: ಹೊಲಕ್ಕೆ ನಿಮ್ಮದೂ ಒಂದು ದಿನ ಇರಲಿ. ಇಸ್ರಾಯೇಲರು ಮೊದಲ ಬೆಳೆಯ ಸಿವುಡನ್ನು ದೇವರ ಮುಂದೆ ತರುತ್ತಿದ್ದರು. ನಿಮ್ಮ ಸಭೆಯಲ್ಲೂ ಸುಗ್ಗಿ ಹಬ್ಬ ಇದ್ದೇ ಇರುತ್ತದೆ. ಆದರೆ ಅದನ್ನು ಚರ್ಚಿನ ಒಳಗೆ ಹರಾಜು ಕೂಗುವುದಕ್ಕೆ ಮುಗಿಸಿಬಿಡುತ್ತೇವೆ. ಜೋಳ ಕೊಯ್ಯುವ ಮುಂಚೆ ಒಂದು ಮಧ್ಯಾಹ್ನ ಪಾಸ್ಟರನ್ನು ಹೊಲಕ್ಕೆ ಕರೆಯಿರಿ. ಬದುವಿನ ಮೇಲೆ ನಿಂತು ಪ್ರಾರ್ಥನೆ ಮಾಡಿ. ಬುತ್ತಿ ಬಿಚ್ಚಿ. ಎಳ್ಳಮಾವಾಸ್ಯೆಗೆ ಕರೆದ ಪಕ್ಕದವರನ್ನು ಅವತ್ತು ನೀವು ಕರೆಯಿರಿ. 'ನೀವು ನಮ್ಮ ಚರಗ ಕದ್ದಿರಿ' ಎಂದು ಅವರು ಚೇಷ್ಟೆ ಮಾಡಿದರೆ ನಕ್ಕು ಹೋಳಿಗೆ ಬಡಿಸಿ.

ಪ್ರಶ್ನೆ: ಬೆಳಗಾವಿಯಲ್ಲಿ ಮಗಳ ಮದುವೆ. ನಮ್ಮ ಪಾಸ್ಟರ್ ಉಂಗುರ ಮಾತ್ರ ಹಾಕಿಸುತ್ತೇನೆ, ತಾಳಿ ಅನ್ಯರ ಪದ್ಧತಿ ಎನ್ನುತ್ತಾರೆ. ಬೀಗರು ತಾಳಿ ಬೇಕೇ ಬೇಕು ಎನ್ನುತ್ತಾರೆ. ಅರಿಷಿಣವೂ ಬೇಡವಂತೆ.

ಉತ್ತರ: ಪಾಸ್ಟರ್ ಅವರಿಗೆ ನನ್ನ ವಂದನೆ ತಿಳಿಸಿ, ಉಂಗುರ ಯಾರ ಪದ್ಧತಿ ಎಂದು ಮೆತ್ತಗೆ ಕೇಳಿ. ನಿಶ್ಚಯದ ಉಂಗುರ ಕ್ರೈಸ್ತರಿಗಿಂತ ಮೊದಲೇ ರೋಮನ್ನರಲ್ಲಿತ್ತು. ಅವರೂ ವಿಗ್ರಹ ಪೂಜಿಸುತ್ತಿದ್ದವರೇ. ಯುರೋಪಿನ ಅನ್ಯರಿಂದ ಬಂದರೆ ಕ್ರೈಸ್ತ, ಕರ್ನಾಟಕದ ಅನ್ಯರಿಂದ ಬಂದರೆ ಪಾಪ. ಇದೆಂಥಾ ತಕ್ಕಡಿ?

ಈ ಜಗಳ ನಮ್ಮ ದೇಶದಲ್ಲಿ ನಾನೂರು ವರ್ಷ ಹಳೆಯದು. ಇಟಲಿಯ ಪಾದ್ರಿ ರೋಬರ್ಟೊ ದೆ ನೊಬಿಲಿ 1606ರಲ್ಲಿ ಮಧುರೈಗೆ ಬಂದು, ಕಾವಿ ಉಟ್ಟು, ಮಾಂಸ ಬಿಟ್ಟು, ಜನಿವಾರ ಗಂಧ ಇರಲಿ ಎಂದಾಗ ಅವನ ಜೊತೆಯ ಪಾದ್ರಿಗಳೇ ದೂರು ಕೊಟ್ಟರು. 1623ರಲ್ಲಿ ಪೋಪ್ ಅವನ ಪರ ತೀರ್ಪು ಕೊಟ್ಟರು. ಮುಂದೆ 1703ರಲ್ಲಿ ಪುದುಚೇರಿಗೆ ಬಂದ ಪೋಪರ ಪ್ರತಿನಿಧಿ ಟೂರ್ನೋನ್ 1704ರಲ್ಲಿ ಬಹಳ ಪದ್ಧತಿಗಳನ್ನು ನಿಲ್ಲಿಸಿದ. ತಾಳಿಯ ಬಗ್ಗೆ ಅವನ ದೊಡ್ಡ ತಕರಾರು ಏನಿತ್ತು ಗೊತ್ತೇ? ಅದರ ಮೇಲೆ ಪಿಳ್ಳೆಯಾರ್, ಅಂದರೆ ಗಣಪತಿಯ ಚಿತ್ರ ಇರಬಾರದು ಎಂದು. ಅಷ್ಟು ಕಟ್ಟುನಿಟ್ಟಿನ ಮನುಷ್ಯನೂ ಮುಖ್ಯವಾಗಿ ಹಿಡಿದದ್ದು ಚಿತ್ರವನ್ನು. ಶಿಲುಬೆ ಇರುವ ತಾಳಿ ಅಂದಿನಿಂದ ಇಂದಿನವರೆಗೆ ನಡೆದುಕೊಂಡು ಬಂದಿದೆ. ಬೆಳಗಾವಿಯ ಅಕ್ಕಸಾಲಿಗರಿಗೆ ಹೇಳಿದರೆ ಪಾರಿವಾಳದ್ದೂ ಮಾಡಿಕೊಡುತ್ತಾರೆ.

ಇದಕ್ಕಿಂತ ಮುಂದೆ ಹೋದವರೂ ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ. ಬೈಲಹೊಂಗಲ ಕಡೆಯ ದೇಶನೂರಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಕಾವಿ ಉಟ್ಟು, ಸಸ್ಯಾಹಾರ ಹಿಡಿದು ನಡೆಸುವ ಮಠಕ್ಕೆ ವಿರಕ್ತ ಮಠ ಎಂದೇ ಹೆಸರು. ನನಗೆ ಅದು ಪೂರ್ತಿ ರುಚಿಸುತ್ತದೆ ಎನ್ನಲಾರೆ. ವೀರಶೈವ ಮಠಗಳ ಉಡುಗೆಯನ್ನು ನಾವು ತೊಟ್ಟರೆ ಅವರಿಗೆ ಏನನಿಸೀತು ಎಂಬ ಮುಜುಗರ ನನ್ನದು. ಆದರೆ ಅಲ್ಲಿಯ ಊರವರಿಗೆ ಅವರ ಮೇಲೆ ಪ್ರೀತಿ ಇದೆ ಎಂದು ಹೋಗಿ ಬಂದವರು ಹೇಳುತ್ತಾರೆ.

ತಾಳಿ ಕಟ್ಟಿಸಿ, ಉಂಗುರವೂ ಹಾಕಿಸಿ. ಪಾಸ್ಟರ್ ಒಪ್ಪದಿದ್ದರೆ ಅವರು ಉಂಗುರಕ್ಕೆ ಪ್ರಾರ್ಥನೆ ಮಾಡಲಿ, ತಾಳಿಯನ್ನು ಹಿರಿಯರ ಮುಂದೆ ಮನೆಯಲ್ಲಿ ಕಟ್ಟಲಿ. ಅರಿಷಿಣ ಮೈಗೆ ಒಳ್ಳೆಯದು, ಹುಡುಗಿಯರಿಗೆ ಗದ್ದಲ ಮಾಡಲು ಒಂದು ನೆಪ. ಹಚ್ಚಿರಿ. ಮುಹೂರ್ತ, ರಾಹುಕಾಲ ನೋಡಿ ದಿನ ಇಟ್ಟಿದ್ದೀರೋ ಹೇಗೆ? ಹಾಗಿದ್ದರೆ ಅದನ್ನು ಬಿಡಿ. ಅದರಲ್ಲಿ ಅಂಜಿಕೆ ಇದೆ, ಯೆರೆಮೀಯ ಬೇಡ ಎಂದದ್ದು ಅಂಥ ಅಂಜಿಕೆಯನ್ನು. ಅದೇ ಹತ್ತನೇ ಅಧ್ಯಾಯದ ಎರಡನೇ ವಚನ ನೋಡಿ, ಆಕಾಶದ ಗುರುತುಗಳಿಗೆ ಹೆದರಬೇಡಿ ಎಂದಿದೆ.

ಪ್ರಶ್ನೆ: ಈಸ್ಟರಿಗೆ ಸಂಡೇ ಸ್ಕೂಲಿನಲ್ಲಿ ಮೊಟ್ಟೆಗೆ ಬಣ್ಣ ಹಚ್ಚಿಸಬಹುದೇ? ಅದು ಯಾವುದೋ ದೇವಿಯ ಮೊಟ್ಟೆ ಎನ್ನುತ್ತಾರೆ. ಗೋಕಾಕದಿಂದ ಒಬ್ಬ ಸಂಡೇ ಸ್ಕೂಲ್ ಟೀಚರ್

ಉತ್ತರ: ಹಚ್ಚಿಸಿ. ಈಯೋಸ್ತ್ರೆ ಎಂಬ ದೇವಿಯ ಹೆಸರು 725ರಲ್ಲಿ ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ ಬರೆದ ಒಂದೆರಡು ಸಾಲಿನಲ್ಲಿದೆ. ಅಲ್ಲಿ ಮೊಟ್ಟೆಯ ಮಾತೇ ಇಲ್ಲ. ಹಿಂದೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸದಲ್ಲಿ ಮೊಟ್ಟೆ ನಿಷಿದ್ಧ. ಕೋಳಿಗಳಿಗೆ ಉಪವಾಸದ ಸುದ್ದಿ ಗೊತ್ತಿರಲಿಲ್ಲ. ಹಬ್ಬದ ದಿನಕ್ಕೆ ಬುಟ್ಟಿಗಟ್ಟಲೆ ಮೊಟ್ಟೆ ಸೇರುತ್ತಿದ್ದವು. ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ 1290ರಲ್ಲಿ ಈಸ್ಟರಿಗೆ 450 ಮೊಟ್ಟೆ ತರಿಸಿ ಬಂಗಾರದ ಹಾಳೆ, ಬಣ್ಣ ಹಚ್ಚಿಸಿ ಹಂಚಿದ ಲೆಕ್ಕ ಅರಮನೆಯ ಖರ್ಚಿನ ಪುಸ್ತಕದಲ್ಲಿದೆ. ಬೇಸಿಗೆ ಜೋರಿರುತ್ತದೆ, ಮೊಟ್ಟೆಗಳನ್ನು ಚೆನ್ನಾಗಿ ಕುದಿಸಿ, ಅಡಿಗೆಗೆ ಬಳಸುವ ಬಣ್ಣವನ್ನೇ ಹಚ್ಚಿಸಿ, ಅವತ್ತೇ ಹಂಚಿಬಿಡಿ.